ಡಂಪಿಂಗ್ ತನಿಖೆಯಲ್ಲಿ ಟೈಲರ್ ಮಾತು ಕೇಳುವವರು ಯಾರು?

ಶಿವಮೊಗ್ಗದ ಗಾಂಧಿ ಬಜಾರ್‌ನಲ್ಲಿ ಅಗ್ಗದ ರೇಯಾನ್ ಕುರ್ತಾಗಳ ರಾಶಿ ಕಂಡರೆ ಸಾಕು, 'ಹೊರದೇಶದವರು ತಂದು ಸುರೀತಿದ್ದಾರೆ' ಎನ್ನುತ್ತಾರೆ. ಆದರೆ ಅಗ್ಗ ಎಂದ ಮಾತ್ರಕ್ಕೆ ಡಂಪಿಂಗ್ ಆಗುವುದಿಲ್ಲ. ಹೊರದೇಶದ ಕಂಪನಿ ತನ್ನ ದೇಶದಲ್ಲಿ ಮಾರುವುದಕ್ಕಿಂತ ಕಡಿಮೆ ಬೆಲೆಗೆ ನಮಗೆ ಕಳಿಸಿರಬೇಕು, ಅದರಿಂದ ಇಲ್ಲಿನ ಉದ್ಯಮಕ್ಕೆ ಪೆಟ್ಟು ಬಿದ್ದಿರಬೇಕು, ಎರಡನ್ನೂ ಲೆಕ್ಕಪತ್ರ ಇಟ್ಟು ತೋರಿಸಬೇಕು. ತನಿಖೆ ಮಾಡುವುದು ವಾಣಿಜ್ಯ ಸಚಿವಾಲಯದ ಡಿಜಿಟಿಆರ್ (ವ್ಯಾಪಾರ ಪರಿಹಾರ ಮಹಾನಿರ್ದೇಶನಾಲಯ), ಡಂಪಿಂಗ್ ಸಾಬೀತಾದರೆ ಆ ಆಮದಿನ ಮೇಲೆ ಸುಂಕ ಹಾಕುವುದು ಹಣಕಾಸು ಸಚಿವಾಲಯ.

ದೂರು ಕೊಡಬೇಕೆಂದರೆ ದೇಶದಲ್ಲಿ ಆ ವಸ್ತುವಿನ ಒಟ್ಟು ಉತ್ಪಾದನೆಯಲ್ಲಿ ಕನಿಷ್ಠ ಶೇ 25ರಷ್ಟು ಮಾಡುವವರ ಬೆಂಬಲ ಬೇಕು. ಒಂದೇ ದೊಡ್ಡ ಕಂಪನಿ ಇರುವ ಕಡೆ ಇದು ಸಲೀಸು. ಊರೂರಿನ ಟೈಲರ್‌ಗಳನ್ನು ಒಟ್ಟು ಮಾಡುವುದು ಆಗುವ ಮಾತಾ?

ರೇಯಾನ್ ಬಟ್ಟೆಯ ಮೂಲ ವಿಸ್ಕೋಸ್ ನಾರು. ತುಂಗೆ ಭದ್ರೆ ಸೇರಿ ಹರಿಯುವ ಹಾದಿಯಲ್ಲೇ, ಹರಿಹರದ ಆಚೆ ದಡದ ಕುಮಾರಪಟ್ಟಣದಲ್ಲಿ ಗ್ರಾಸಿಮ್ ಕಂಪನಿ ಇದನ್ನು ತಯಾರಿಸುತ್ತದೆ. ಚೀನಾ, ಇಂಡೋನೇಷ್ಯಾದ ನಾರಿನ ಮೇಲೆ 2010ರಲ್ಲಿ ಡಂಪಿಂಗ್ ಸುಂಕ ಬಿತ್ತು, 2021ರ ಆಗಸ್ಟ್‌ನಲ್ಲಿ ಹೋಯಿತು. ಅಷ್ಟೂ ವರ್ಷ ನೂಲಿನ ಗಿರಣಿಯವರು ನಾರು ದುಬಾರಿ ಎಂದು ಗೋಳಾಡುತ್ತಲೇ ಇದ್ದರು. ಇದೇ ಹೊತ್ತಿನಲ್ಲಿ, 2011ರಲ್ಲಿ, ಬಾಂಗ್ಲಾದೇಶದ 46 ಬಗೆಯ ಜವಳಿಗೆ ಆಮದು ಸುಂಕವನ್ನೇ ತೆಗೆದರು. ಅಂದರೆ 2021ರವರೆಗೂ ಇಲ್ಲಿ ಹೊಲಿಯುವವರಿಗೆ ನಾರಿನ ಸುಂಕದ ಭಾರ ಇತ್ತು, ಅಲ್ಲಿ ಹೊಲಿದು ತಂದ ಬಟ್ಟೆಗೆ ಸುಂಕವೇ ಇರಲಿಲ್ಲ. ಇದು ನ್ಯಾಯ ಅಲ್ಲವೇ ಅಲ್ಲ! ಬಾಂಗ್ಲಾದ ಹೊಲಿಗೆ ಹೆಣ್ಣುಮಕ್ಕಳ ಮೇಲೆ ನನಗೆ ಒಂದಿಷ್ಟೂ ಸಿಟ್ಟಿಲ್ಲ, ಅವರೂ ದುಡಿಯುವವರೇ. ಸಿಟ್ಟು ಇರುವುದು ನಾರು, ನೂಲು, ಬಟ್ಟೆ, ಉಡುಪು ಎಲ್ಲವನ್ನೂ ಬಿಡಿಬಿಡಿಯಾಗಿ ನೋಡುವ ಈ ಪದ್ಧತಿಯ ಮೇಲೆ.

ನಮ್ಮ ಅಡಿಕೆಯನ್ನೇ ನೋಡಿ. ಇದಕ್ಕಿಂತ ಕಡಿಮೆಗೆ ತರಿಸುವಂತಿಲ್ಲ ಎಂಬ ಕನಿಷ್ಠ ಆಮದು ಬೆಲೆ ಕೆಜಿಗೆ 251 ರೂಪಾಯಿ ಇದ್ದದ್ದು 2023ರಲ್ಲಿ 351 ಆಯಿತು. ಅದು ಡಂಪಿಂಗ್ ಸುಂಕವಲ್ಲ, ಬೇರೆ ದಾರಿ, ಆದರೂ ದಾರಿ ಸಿಕ್ಕಿತು. ಯಾಕೆಂದರೆ ಬೆಳೆಗಾರರಿಗೆ ಮಾಮ್ಕೋಸ್‌ನಂಥ ಸಹಕಾರ ಸಂಘಗಳಿವೆ, ದೆಹಲಿವರೆಗೆ ಹೋಗಿ ಕೂತು ಮಾತಾಡುವವರಿದ್ದಾರೆ. ಸಾಗರದಲ್ಲೋ ತೀರ್ಥಹಳ್ಳಿಯಲ್ಲೋ ಮನೆ ಜಗಲಿಯಲ್ಲಿ ಬ್ಲೌಸ್ ಹೊಲಿಯುವ ಅಕ್ಕನ ಪರವಾಗಿ ಯಾರು ಹೋಗುತ್ತಾರೆ?

ತನಿಖೆ ಶುರುವಾದರೆ ಆ ವಸ್ತುವನ್ನು ಬಳಸುವವರೂ ಹೆಸರು ನೋಂದಾಯಿಸಿ ತಮ್ಮ ವಾದ ಬರೆದು ಕೊಡಬಹುದು, ಆದರೆ ಅದಕ್ಕೆ ಗಡುವು ಇರುತ್ತದೆ. ತಾಲ್ಲೂಕು ಟೈಲರ್ ಸಂಘಗಳು, ಕೈಮಗ್ಗ ಸಹಕಾರಿಗಳು ಸೇರಿ ಒಬ್ಬ ಲೆಕ್ಕ ಬಲ್ಲವರನ್ನು ಇದಕ್ಕೆಂದೇ ಇಟ್ಟುಕೊಳ್ಳಲಿ. ಮುಂದಿನ ಬಾರಿ ನೂಲಿನದೋ ಬಟ್ಟೆಯದೋ ತನಿಖೆ ಬಂದಾಗ ಶಿವಮೊಗ್ಗದಿಂದಲೂ ಒಂದು ಅರ್ಜಿ ಹೋಗಲಿ.