ಲೌಟೋಲಿಂ ಮನೆಯ ಅಟ್ಟದ ಫ್ಯಾನು

ಅಟ್ಟಕ್ಕೆ ಎಕ್ಸಾಸ್ಟ್ ಫ್ಯಾನು ಹಾಕೋಣ ಎಂದು ಮೀಟಿಂಗ್‌ನಲ್ಲಿ ಯಾರಾದರೂ ಅಂದರೆ ಈಗಲೂ ನಮ್ಮ ಮೇಸ್ತ್ರಿ ನನ್ನ ಕಡೆ ನೋಡಿ ಮೀಸೆಯೊಳಗೇ ನಗುತ್ತಾನೆ. ಗೋವಾದ ಲೌಟೋಲಿಂ ಊರಿನ ಮನೆಯೊಂದರ ಬಿಒಕ್ಯೂಗೆ, ಅಂದರೆ ಕೆಲಸ-ಸಾಮಾನುಗಳ ಪಟ್ಟಿಗೆ, ಆ ಐಟಂ ತುರುಕಿದ್ದು ನಾನೇ ಎಂದು ಅವನಿಗೆ ಗೊತ್ತು.

ಮಡಗಾಂವ್ ಆಫೀಸಿನಿಂದ ನಾವು ಮಾಡುವ ಕೆಲಸ ಹೆಚ್ಚಾಗಿ ಹಳೇ ಮನೆಗಳದ್ದೇ. ಇದೂ ಅಂಥದ್ದೇ: ಪೋರ್ಚುಗೀಸರ ಕಾಲದ್ದು, ಲ್ಯಾಟರೈಟ್ ಗೋಡೆ, ಮಂಗಳೂರು ಹಂಚು, ಅದರ ಕೆಳಗೆ ಹಲಗೆಯ ಸೀಲಿಂಗ್. ಗೋಡೆಯ ತಲೆಯಲ್ಲಿ ಸುತ್ತಲೂ ಕೆತ್ತನೆಯ ಜಾಲಿ. ಕೋಣೆಯ ಬಿಸಿ ಗಾಳಿ ಆ ಜಾಲಿಯಿಂದ ಅಟ್ಟಕ್ಕೇರಿ, ಹಂಚಿನ ಸಂದಿಯಿಂದ ಹೊರಗೆ ಹೋಗುತ್ತಿತ್ತು. ಕಟ್ಟಿದವರು ಇದಕ್ಕೆ ವೆಂಟಿಲೇಶನ್ ಎಂಬ ಹೆಸರನ್ನೂ ಇಟ್ಟಿರಲಿಕ್ಕಿಲ್ಲ.

ಮಾಲೀಕರಿಗೆ ಹೋಂಸ್ಟೇ ಬೇಕಾಗಿತ್ತು. ಅಂದಮೇಲೆ ಎಸಿ. ಎಸಿ ಅಂದಮೇಲೆ ಜಾಲಿಗೆ ಪ್ಲೈವುಡ್ ಬಡಿದೆವು. ಬಾವಲಿ ಬರಬಾರದು, ಸೋರಬಾರದು ಎಂದು ಹಂಚಿನ ಕೆಳಗೆ ಶೀಟ್ ಹಾಸಿದೆವು. ಏಪ್ರಿಲ್‌ನಲ್ಲಿ ಅಟ್ಟಕ್ಕೆ ಹತ್ತಿದ ಎಲೆಕ್ಟ್ರಿಷಿಯನ್ ಅಂಗಿ ಹಿಂಡಿಕೊಂಡು ಇಳಿದ.

ವಿದೇಶದಲ್ಲಿರುವ ಮಾಲೀಕರ ಮಗ ಅಮೆರಿಕದ ಕಟ್ಟಡ ಕೋಡ್‌ನ ಒಂದು ಪುಟ ಕಳಿಸಿದ. ಅಟ್ಟದ ನೆಲ 150 ಚದರಡಿ ಇದ್ದರೆ 1 ಚದರಡಿ ಗಾಳಿಗಂಡಿ ಇರಬೇಕು. ಸುಮಾರು ಅರ್ಧ ಕೆಳಗೆ ಸೂರಿನಂಚಿನಲ್ಲಿ, ಅರ್ಧ ಮೇಲೆ ನೆತ್ತಿಯಲ್ಲಿ ಇದ್ದರೆ ಒಳ್ಳೆಯದು. ಲೆಕ್ಕ ಸರಿಯೇ ಇತ್ತು. ಆದರೆ ನಮ್ಮ ಶೀಟ್ ಸೂರನ್ನು ಮುಚ್ಚಿತ್ತು, ನೆತ್ತಿಯ ಹಂಚನ್ನು ಗಾರೆಯಲ್ಲಿ ಕೂರಿಸಿ ಆಗಿತ್ತು. ಬಿಚ್ಚಬೇಕೆಂದರೆ ಹಂಚಿನ ಗ್ಯಾಂಗ್ ಮತ್ತೆ ಬರಬೇಕು, ಸಾಲದ್ದಕ್ಕೆ ಅವರ ಹಳೇ ಬಿಲ್ ಇನ್ನೂ ನಮ್ಮ ಆಫೀಸಿನಲ್ಲೇ ಕೊಳೆಯುತ್ತಿತ್ತು. ತ್ರಿಕೋನ ಗೋಡೆಗೆ ಒಂದು ತೂತು ಕೊರೆದು ಫ್ಯಾನು ಕೂರಿಸಿದರೆ ಸಾಕು ಎಂದೆ. ಆರ್ಕಿಟೆಕ್ಟ್ ತಲೆಯಾಡಿಸಿದರು. ಮೇ ತಿಂಗಳಲ್ಲಿ ಅಟ್ಟ ನಿಜಕ್ಕೂ ತಣ್ಣಗಾಯಿತು. ಅಲ್ಲಿವರೆಗಿನ ಕೆಲಸದ ಆರ್‌ಎ ಬಿಲ್ (ರನ್ನಿಂಗ್ ಬಿಲ್) ಪಾಸಾಯಿತು.

ಜುಲೈನಲ್ಲಿ ಫೋನ್ ಬಂತು. ಗೆಸ್ಟ್ ಹಾಸಿಗೆ ಮೇಲೆ ನೀರು ತೊಟ್ಟಿಕ್ಕುತ್ತಿದೆ.

ಸೋರಿಕೆ ಎಂದರೆ ಹಂಚು, ಇನ್ನೇನು ಎಂದುಕೊಂಡೆ. ಕೊಪ್ಪಳದ ಹುಡುಗರನ್ನು ಆ ಮಳೆಯಲ್ಲೇ ಮೇಲೆ ಹತ್ತಿಸಿ, ಆ ಕೋಣೆಯ ಮೇಲಿನ ಮಾಡಿಗೆಲ್ಲ ತಾಡಪಾಲು ಹೊದಿಸಿದೆವು. ಪಾಚಿ ಹಿಡಿದ ಹಂಚಿನ ಮೇಲೆ ಒಬ್ಬನ ಕಾಲು ಜಾರಿತು. ಹಗ್ಗ ಇತ್ತು, ಉಳಿದ. ಕೆಳಗೆ ನೀರು ನಿಲ್ಲಲಿಲ್ಲ. ಮಾಲೀಕರು ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದಾರೆ, ಗೆಸ್ಟ್ ವಿಡಿಯೋ ಮಾಡುತ್ತಿದ್ದಾರೆ, ಆಫೀಸಿನ ಗ್ರೂಪಿನಲ್ಲಿ ‘ಖರ್ಚು ಯಾರ ತಲೆ ಮೇಲೆ?’ ಎಂಬ ಚರ್ಚೆ ಶುರುವಾಗಿದೆ. ನಾನು ಮಾತ್ರ ಯಾವ ಹಂಚು ಒಡೆದಿದೆ ಎಂದು ಮೇಲೆ ನೋಡುತ್ತಲೇ ಇದ್ದೆ.

ಮೇಸ್ತ್ರಿ ಬಕೆಟ್ಟಿಗೆ ಬೆರಳದ್ದಿ ನೋಡಿದ. “ಸಾಹೇಬ್ರ, ಇದು ಮಳಿ ನೀರ ಅಲ್ರೀ. ಮಳಿ ನೀರ ಹಂಚಿನ ಧೂಳ ತೊಳಕೊಂಡು ಚಾದ ಬಣ್ಣ ಬರ್ತೈತಿ. ಇದು ನೋಡ್ರಿ, ಬಾಟ್ಲಿ ನೀರ ಇದ್ದಂಗ ಐತಿ.”

“ಸುಮ್ನಿರೋ” ಎಂದೆ. ಅಷ್ಟರಲ್ಲಿ ಕರೆಂಟ್ ಹೋಯಿತು. ಹೊರಗೆ ಮಳೆ ಬಡಿಯುತ್ತಲೇ ಇತ್ತು. ಸ್ವಲ್ಪ ಹೊತ್ತಿಗೆ ಒಳಗಿನ ತೊಟ್ಟು ವಿರಳವಾಯಿತು, ಆಮೇಲೆ ನಿಂತೇಹೋಯಿತು. ಮೇಸ್ತ್ರಿ ಏನೂ ಹೇಳಲಿಲ್ಲ, ಎಸಿಯ ರಿಮೋಟ್ ಎತ್ತಿ ನನ್ನ ಕೈಗಿಟ್ಟ. ಗೆಸ್ಟನ್ನು ಕೇಳಿದರೆ ರಾತ್ರಿಯಿಂದ 18ಕ್ಕೆ ಇಟ್ಟಿದ್ದರಂತೆ.

ಟಾರ್ಚ್ ಹಿಡಿದು ಅಟ್ಟಕ್ಕೆ ಹತ್ತಿದೆ. ಶೀಟಿನ ಕೆಳಮೈ ಒಣಗಿತ್ತು. ಹಲಗೆಗಳ ಬೆನ್ನು ಒದ್ದೆ. ಹಲಗೆಯಿಂದ ಮೇಲಕ್ಕೆ ಚಾಚಿದ ಮೊಳೆಯ ತುದಿಗಳಲ್ಲೆಲ್ಲ ಒಂದೊಂದು ಹನಿ, ಬುಡದಲ್ಲಿ ತುಕ್ಕಿನ ಉಂಗುರ.

ಗೋವಾದ ಜುಲೈ ಗಾಳಿ ಸುಮಾರು 27 ಡಿಗ್ರಿ, ತೇವಾಂಶ 90 ಪರ್ಸೆಂಟ್ ಅಂದರೆ, 25 ಡಿಗ್ರಿಗಿಂತ ತಣ್ಣಗಿರುವ ಯಾವುದಕ್ಕೆ ತಾಗಿದರೂ ಅದು ನೀರಾಗುತ್ತದೆ. ಅರ್ಧ ಇಂಚಿನ ಹಲಗೆ, ಕೆಳಗೆ 18ರ ಎಸಿ. ಅಟ್ಟದ ಗಾಳಿಯನ್ನು ಹೊರಗೆ ತಳ್ಳುತ್ತ, ಅದರ ಜಾಗಕ್ಕೆ ಅಂಥ ಗಾಳಿಯನ್ನು ಸಂದಿಗೊಂದಿಗಳಿಂದ ಹಗಲೂ ರಾತ್ರಿ ಒಳಗೆ ಎಳೆದು ತರುತ್ತಿದ್ದದ್ದು ನಮ್ಮ ಫ್ಯಾನು. ಅದಕ್ಕೆಂದು ನಾವು ಬೇರೆ ಗಂಡಿ ಬಿಟ್ಟಿರಲಿಲ್ಲವಲ್ಲ, ಹಲಗೆಯ ಬಿರುಕುಗಳಿಂದ ಕೋಣೆಯ ತಂಪನ್ನೂ ಹೀರಿಕೊಳ್ಳುತ್ತಿತ್ತು. ಹಲಗೆ ಇನ್ನಷ್ಟು ತಣ್ಣಗೆ, ಕರೆಂಟ್ ಬಿಲ್ ಇನ್ನಷ್ಟು ಮೇಲೆ. ಇದರ ಜೊತೆ ಬಾತ್‌ರೂಮಿನ ಎಕ್ಸಾಸ್ಟ್ ಪೈಪನ್ನು ಪ್ಲಂಬರ್ ಅಟ್ಟದಲ್ಲೇ ಬಾಯಿ ತೆರೆದು ಬಿಟ್ಟು ಹೋಗಿದ್ದ. ಅದನ್ನು ಸ್ನ್ಯಾಗ್ ಲಿಸ್ಟ್‌ನಲ್ಲಿ, ಅಂದರೆ ಕೊನೆಯ ತಪ್ಪುಗಳ ಪಟ್ಟಿಯಲ್ಲಿ, ಯಾರೂ ಹಿಡಿದಿರಲಿಲ್ಲ, ನಾನೂ ಸೇರಿ.

ಚಳಿದೇಶದಲ್ಲಿ ತೇವ ಇರುವುದು ಮನೆಯೊಳಗೆ: ಅಡುಗೆಯ ಹಬೆ, ಸ್ನಾನದ ಹಬೆ ಮೇಲೇರಿ ತಣ್ಣನೆಯ ಮಾಡಿಗೆ ತಾಗುತ್ತದೆ, ಹೊರಗಿನ ಒಣ ಗಾಳಿ ಅದನ್ನು ಒಯ್ಯುತ್ತದೆ. ನಮ್ಮ ಮಳೆಗಾಲದಲ್ಲಿ ತೇವ ಇರುವುದೇ ಹೊರಗೆ. ಬೇಸಿಗೆಯಲ್ಲಿ ಬಿಸಿಯನ್ನು ಒಯ್ದ ಅದೇ ಫ್ಯಾನು ಜುಲೈನಲ್ಲಿ ನೀರು ಹೊತ್ತು ತಂದಿತು.

ಫ್ಯಾನಿನ ವೆಂಡರ್ ಹುಡುಗ ಬಂದು ಹ್ಯುಮಿಡಿಟಿ ಸ್ವಿಚ್ ಹಾಕಿ ಎಂದ. ತೇವಾಂಶ 60 ಪರ್ಸೆಂಟ್ ದಾಟಿದರೆ ಫ್ಯಾನು ತಾನಾಗಿ ಓಡುತ್ತದಂತೆ. ಹೊರಗೇ 90 ಇರುವಾಗ ಅದು ನಿಲ್ಲುವುದು ಯಾವಾಗ? ಕೇಳಿದೆ. “ಮ್ಯಾನ್ಯುಯಲ್‌ನಲ್ಲಿ ಹಾಗೇ ಇದೆ ಸರ್” ಎಂದ.

ಕೊನೆಗೆ ಫ್ಯಾನಿನ ತೂತು ಮುಚ್ಚಿದೆವು. ಎಸಿ ಕೋಣೆಗಳ ಹಲಗೆಯ ಬಿರುಕು ತುಂಬಿ, ಮೇಲಿನಿಂದ 19 ಎಂಎಂ ನೈಟ್ರೈಲ್ ರಬ್ಬರಿನ ಇನ್ಸುಲೇಶನ್ ಶೀಟನ್ನು ಜಾಯಿಂಟ್ ಬಿಡದಂತೆ ಅಂಟಿಸಿದೆವು. ತೇವ ಬರುವುದು ಮೇಲಿನಿಂದ, ಆದ್ದರಿಂದ ತಡೆಯೂ ಮೇಲುಮೈಯಲ್ಲೇ ಇರಬೇಕು. ಬಾತ್‌ರೂಮ್ ಪೈಪ್ ಹೊರಗೆ ಹೋಯಿತು. ಮಳೆ ಕಡಿಮೆಯಾದ ಮೇಲೆ ಸೂರಿನ ಶೀಟ್ ಕತ್ತರಿಸಿ ಜಾಲರಿ ಕೂರಿಸಿ, ನೆತ್ತಿಯಲ್ಲೂ ಗಂಡಿ ಬಿಡಿಸಿದೆವು. ಮೊದಲೇ ಕರೆಸಬೇಕಾಗಿದ್ದ ಅದೇ ಹಂಚಿನ ಗ್ಯಾಂಗು, ಈ ಸಲ ಡಬಲ್ ರೇಟು. ಎಸಿ ಇಲ್ಲದ ನಡುಮನೆಯ ಜಾಲಿಯ ಪ್ಲೈವುಡ್ ಕಿತ್ತೆಸೆದೆವು. ರಿಮೋಟನ್ನು 25ಕ್ಕಿಂತ ಕೆಳಗೆ ಹೋಗದಂತೆ ಲಾಕ್ ಮಾಡಿಸಲು ಮಾಲೀಕರ ಜೊತೆ ಆದಷ್ಟು ಜಗಳ ಬೇರಾವುದಕ್ಕೂ ಆಗಲಿಲ್ಲ.

ರಿಟೆನ್ಶನ್ ದುಡ್ಡು, ಅಂದರೆ ಕೆಲಸ ಸರಿಯಿದೆಯೇ ನೋಡಲು ಮಾಲೀಕರು ಹಿಡಿದಿಟ್ಟುಕೊಂಡ ಬಾಕಿ, ಇನ್ನೂ ಬಂದಿಲ್ಲ. ಮೊನ್ನೆ ಚಾಂದೋರ್‌ನ ಮನೆಯೊಂದರ ಬಿಒಕ್ಯೂ ಮೇಲ್‌ನಲ್ಲಿ ಬಂತು. ಹಳೇ ಫೈಲನ್ನೇ ಕಾಪಿ ಹೊಡೆದಿದ್ದಾರೆ: ‘ಅಟ್ಟದ ಎಕ್ಸಾಸ್ಟ್ ಫ್ಯಾನು, 1 ನಂಬರ್.’ ಹೊಡೆದುಹಾಕಿ ವಾಪಸ್ ಕಳಿಸಿದ್ದೇನೆ. ಎಸ್ಟಿಮೇಶನ್‌ನವರು ಕಾರಣ ಲಿಖಿತವಾಗಿ ಕೊಡಿ ಎನ್ನುತ್ತಿದ್ದಾರೆ.