ಬ್ರೋಕರ್‌ಗಳಿಗೂ ವರ್ಷ ವರ್ಷ ಕ್ಲಾಸು

ನಮ್ಮ ಉಡುಪಿ ಕಡೆ ಜಾಗದ ವ್ಯವಹಾರಕ್ಕೆ ಇಳಿಯಲು ಪರಿಚಯ ಇದ್ದರೆ ಸಾಕು. ನಾನಿರುವ ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ ಹಾಗಲ್ಲ. ಮೊದಲು 75 ಗಂಟೆಯ ಕೋರ್ಸು, ಆಮೇಲೆ ಪರೀಕ್ಷೆ. ಲೈಸೆನ್ಸ್ ಸಿಕ್ಕಿದ ಮೇಲೂ 18 ತಿಂಗಳೊಳಗೆ ಇನ್ನೂ 90 ಗಂಟೆ ಓದಬೇಕು. ಇಷ್ಟೆಲ್ಲ ಮುಗಿಸಿ ಕೆಲಸಕ್ಕೆ ಕೂತರೂ ಪಾಠ ನಿಲ್ಲುವುದಿಲ್ಲ. ನಾನು ಇಲ್ಲಿ ಇದೇ ಕೆಲಸದಲ್ಲಿರುವುದರಿಂದ, ಊರಿನವರಿಗೆ ಇದನ್ನು ಬರೆಯಲೇಬೇಕು ಅನಿಸಿತು.

ಇಲ್ಲಿ ಪ್ರತಿ ವರ್ಷ ಜೂನ್ 10ರೊಳಗೆ 8 ಗಂಟೆಯ ಕ್ಲಾಸು ಮುಗಿಸಬೇಕು. ಅದರಲ್ಲಿ 4 ಗಂಟೆ ಆ ವರ್ಷ ಬದಲಾದ ಕಾನೂನು, ನಿಯಮಗಳಿಗೆ. ಈ ಪಾಠವನ್ನು ರಾಜ್ಯದ ರಿಯಲ್ ಎಸ್ಟೇಟ್ ಕಮಿಷನ್ನೇ ಪ್ರತಿ ವರ್ಷ ತಯಾರು ಮಾಡುತ್ತದೆ. ಯಾವ ಸಂಸ್ಥೆಗೆ ಹೋದರೂ ಅದನ್ನೇ ಕಲಿಸಬೇಕು. ಉಳಿದ 4 ಗಂಟೆಗೆ ನಮಗೆ ಬೇಕಾದ ವಿಷಯ ಆರಿಸಿಕೊಳ್ಳಬಹುದು. ಕ್ಲಾಸು ಮುಗಿಸದಿದ್ದರೆ ಜುಲೈ 1ರಿಂದ ಲೈಸೆನ್ಸ್ ನಿಷ್ಕ್ರಿಯ. ಮತ್ತೆ ಸರಿಮಾಡಿಸಿಕೊಳ್ಳುವವರೆಗೆ ಒಂದು ಮನೆ ತೋರಿಸಲಿಕ್ಕೂ ಇಲ್ಲ.

ಸುಮ್ನೆ ಹೆಸರು ಬರೆಸಿ ಎದ್ದು ಬರಲು ಆಗುವುದಿಲ್ಲ. ಫೋಟೊ ಇರುವ ಗುರುತಿನ ಚೀಟಿ ತೋರಿಸಬೇಕು. ಶೇಕಡಾ 90ರಷ್ಟು ಹೊತ್ತು ಕೂತಿರಲೇಬೇಕು. ಉಳಿದ 10ರ ರಿಯಾಯಿತಿಯನ್ನು ಕ್ಲಾಸಿನ ಕೊನೆಗೆ ಉಳಿಸಿಕೊಂಡು ಬೇಗ ಮನೆಗೆ ಹೋಗುವ ಹಾಗೂ ಇಲ್ಲ, ತುರ್ತು ಇದ್ದರೆ ಮಾತ್ರ ಬಿಡುತ್ತಾರೆ. ನಮ್ಮ ಕೆಲಸವನ್ನು ನಾವೇ ಮಾಡಬೇಕು, ಬೇರೆಯವರನ್ನು ಕೂರಿಸಿದರೆ ನಡೆಯುವುದಿಲ್ಲ. ಇನ್ನೊಂದು ನಿಯಮ ನನಗೆ ತುಂಬ ಹಿಡಿಸಿದ್ದು: ಮಾರಾಟ ಹೆಚ್ಚಿಸುವ ಉಪಾಯ, ಹುರುಪು ತುಂಬುವ ಭಾಷಣ, ಟೈಪಿಂಗ್, ಇವು ಯಾವುದೂ ಲೆಕ್ಕಕ್ಕಿಲ್ಲ. ಗಿರಾಕಿಗೆ ರಕ್ಷಣೆ ಕೊಡುವ ವಿಷಯಕ್ಕೇ ಗಂಟೆ ಸಿಗುವುದು.

ಒಂದು ಉದಾಹರಣೆ ಹೇಳುತ್ತೇನೆ. 2024ರ ಜುಲೈ 1ರಿಂದ ಇಲ್ಲಿ ಮನೆ ಮಾರುವವರು ತುಂಬಿಸುವ ಫಾರ್ಮಿನಲ್ಲಿ ನೆರೆಯ ಬಗ್ಗೆ ಹೊಸ ಪ್ರಶ್ನೆಗಳು ಸೇರಿದವು. ಈ ಜಾಗಕ್ಕೆ ನೆರೆ ನೀರು ನುಗ್ಗಿತ್ತಾ? ಅದಕ್ಕೆ ವಿಮೆ ಹಣ ಕೇಳಿದ್ದಿರಾ? ಒಂದೊಂದನ್ನೂ ಗಿರಾಕಿಗೆ ಹೇಗೆ ವಿವರಿಸಬೇಕು ಅಂತ ನಾವು ಕಲಿಯಬೇಕಾಯಿತು. ನನಗೆ ಆಗ ನೆನಪಾದದ್ದು 2020ರ ಸೆಪ್ಟೆಂಬರ್. ಉಡುಪಿಯಲ್ಲಿ ಒಂದೇ ರಾತ್ರಿಯ ಮಳೆಗೆ ಕಲ್ಸಂಕದ ಸುತ್ತಮುತ್ತ ಮನೆಯೊಳಗೆಲ್ಲ ನೀರು ಬಂದಿತ್ತಲ್ವಾ? ಈಗ ಅಲ್ಲಿ ಮನೆ ತಗೊಳ್ಳುವವರಿಗೆ ಅದನ್ನು ಯಾರು ಹೇಳುತ್ತಾರೆ? ಹೇಳಬೇಕು ಅಂತ ಬ್ರೋಕರ್‌ಗೆ ಯಾರು ಕಲಿಸಿದ್ದಾರೆ?

ಕಳೆದ ಸಲ ಊರಿಗೆ ಬಂದಾಗ ಭಾವನ ಜೊತೆ ಬ್ರಹ್ಮಾವರದ ಹತ್ತಿರ ಜಾಗ ನೋಡಲು ಹೋಗಿದ್ದೆ. ತೋರಿಸಿದ ಹುಡುಗ ಒಳ್ಳೆಯವನು, ಮಾತಿನಲ್ಲಿ ಮೋಸ ಕಾಣಲಿಲ್ಲ. “ಎಪ್ಪತ್ತು ಸೆಂಟ್ಸ್ ವರ್ಗ, ಕುಮ್ಕಿ ಸೇರಿ ಒಂದೂವರೆ ಎಕ್ರೆ ಬರ್ತದೆ ಅಣ್ಣ” ಅಂದ. ರೇಟು ಹೇಳಿದ್ದು ಪೂರ್ತಿ ಒಂದೂವರೆ ಎಕ್ರೆಗೆ. ವರ್ಗ ಅಂದರೆ ಸ್ವಂತ ಪಟ್ಟಾ ಜಾಗ. ಕುಮ್ಕಿ ಅಂದರೆ ಆ ಜಾಗಕ್ಕೆ ತಾಗಿ 100 ಗಜದೊಳಗೆ ಇರುವ ಸರ್ಕಾರಿ ಜಮೀನು. ಕೃಷಿಗೆ ಬೇಕಾದ ಸೊಪ್ಪು, ಹುಲ್ಲು, ಕಟ್ಟಿಗೆ ತರುವ ಸೌಲಭ್ಯ ಮಾತ್ರ ವರ್ಗದಾರನದ್ದು. ಒಡೆತನ ಸರ್ಕಾರದ್ದು.

ಭಾವ ಅದನ್ನು ಹೇಳಿದ ಮೇಲೆ ಹುಡುಗ ನನ್ನ ಕಡೆ ತಿರುಗಿದ. “ನಿಮಗೆ ಒಂದು ಅಡಿಕೆ ತೋಟ ಉಂಟು ಅಣ್ಣ. 79ಎ, 79ಬಿ ತೆಗ್ದಿದ್ದಾರಲ್ಲ, ಈಗ ಯಾರು ಬೇಕಾದ್ರೂ ತಗೊಳ್ಬಹುದು.” ಅವನು ಹೇಳಿದ್ದರಲ್ಲಿ ಅರ್ಧ ಸರಿ. ಭೂ ಸುಧಾರಣಾ ಕಾಯ್ದೆಯ ಆ ಕಲಮುಗಳನ್ನು ರಾಜ್ಯ ಸರ್ಕಾರ 2020ರಲ್ಲಿ ತೆಗೆಯಿತು, ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಆದರೆ ಅನಿವಾಸಿ ಭಾರತೀಯರ ಮೇಲೆ ಕೇಂದ್ರದ ವಿದೇಶಿ ವಿನಿಮಯ ಕಾನೂನು ಇದೆ. ಅದರ ಪ್ರಕಾರ ಕೃಷಿ ಜಮೀನು, ತೋಟ, ಫಾರ್ಮ್ ಹೌಸ್ ನಾವು ಕೊಳ್ಳುವ ಹಾಗಿಲ್ಲ. ಹಿರಿಯರಿಂದ ಪಾಲಿಗೆ ಬಂದರೆ ಬೇರೆ ಮಾತು. ಮೊದಲನೆಯ ಸುದ್ದಿ ಅವನಿಗೆ ಮುಟ್ಟಿತ್ತು, ಎರಡನೆಯದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ನನ್ನ ಬದಲು ದುಬೈಯಿಂದಲೋ ಮಸ್ಕತ್‌ನಿಂದಲೋ ರಜೆಗೆ ಬಂದ ಯಾರಾದರೂ ಅಡ್ವಾನ್ಸ್ ಕೊಟ್ಟುಬಿಟ್ಟಿದ್ದರೆ?

ನಮ್ಮಲ್ಲೂ ರಿಯಲ್ ಎಸ್ಟೇಟ್ ವ್ಯವಹಾರ ನಿಯಂತ್ರಿಸುವ 2016ರ ರೇರಾ ಕಾನೂನು ಇದೆ. ಅದರ 9ನೇ ಕಲಮಿನಂತೆ ಏಜೆಂಟರು ನೋಂದಣಿ ಮಾಡಿಸಬೇಕು. ಕರ್ನಾಟಕದಲ್ಲಿ ಅದು 5 ವರ್ಷಕ್ಕೆ. ಆದರೆ ಆ ಕಲಮಿನಲ್ಲಿ ಅರ್ಜಿ, ಶುಲ್ಕ, ಕಾಗದಪತ್ರದ ಮಾತಿದೆಯೇ ಹೊರತು ಪಾಠದ ಮಾತಿಲ್ಲ. ಅದೂ ರೇರಾದಲ್ಲಿ ನೋಂದಣಿಯಾದ ಪ್ರಾಜೆಕ್ಟುಗಳ ಮಾರಾಟಕ್ಕೆ ಮಾತ್ರ. ಹಳೇ ಮನೆ, ವರ್ಗ ಜಾಗ, ತೋಟ ಕೈ ಬದಲಾಯಿಸುವ ನಮ್ಮ ಕರಾವಳಿಯ ವ್ಯವಹಾರ ಜಾಸ್ತಿ ಇದರ ಹೊರಗೇ ಉಳಿಯುತ್ತದೆ. ಮಹಾರಾಷ್ಟ್ರ 2023ರಲ್ಲಿ ಏಜೆಂಟರಿಗೆ ತರಬೇತಿ ಮತ್ತು ಪರೀಕ್ಷೆ ಕಡ್ಡಾಯ ಮಾಡಿತು. ನಾವು ಯಾಕೆ ಹಿಂದೆ ಉಳಿಯಬೇಕು?

ಅಮೆರಿಕದ ಪಾಠವನ್ನು ಅಲ್ಲಿಗೆ ತಂದು ಸುರಿಯಿರಿ ಅಂತ ನಾನು ಹೇಳುತ್ತಿಲ್ಲ. ಉಡುಪಿ, ಮಂಗಳೂರಿಗೆ ಬೇಕಾದದ್ದು ಬೇರೆಯೇ. ಕುಮ್ಕಿ ಯಾವುದು, ವರ್ಗ ಯಾವುದು. ಮೂಲಗೇಣಿ, ಅಂದರೆ ಕಾಯಂ ಗೇಣಿಯ ಒಕ್ಕಲುಗಳಿಗೆ ಒಡೆತನ ಕೊಡುವ 2011ರ ಕಾಯ್ದೆ ಏನು ಹೇಳುತ್ತದೆ. ಅಳಿಯಕಟ್ಟಿನ (ತಾಯಿಯ ಕಡೆಯಿಂದ ಆಸ್ತಿ ಇಳಿಯುವ) ಕುಟುಂಬದ ಜಾಗ ಆದರೆ ಯಾರ್ಯಾರ ಸಹಿ ಬೇಕು. ಸ್ವರ್ಣಾ, ನೇತ್ರಾವತಿ ದಡದಲ್ಲಿ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಗೆರೆ ಎಲ್ಲಿ ಬರುತ್ತದೆ. ಕೃಷಿ ಜಾಗದ ಕನ್ವರ್ಷನ್ ಆದರೂ 9/11 (ಪಂಚಾಯತ್ ಖಾತೆಯ ದಾಖಲೆ) ಆಗದ ಸೈಟಿಗೆ ಏನು ತೊಂದರೆ. ಮಾರುವವರು ಅನಿವಾಸಿ ಆದರೆ ಕೊಡುವ ಹಣದಲ್ಲೇ ಹಿಡಿಯುವ ಶೇಕಡಾ 1ರ ತೆರಿಗೆ (ಟಿಡಿಎಸ್) ಸಾಲುವುದಿಲ್ಲ, ಬೇರೆ ನಿಯಮ ಬರುತ್ತದೆ, ಹಿಡಿಯದಿದ್ದರೆ ತೆರಿಗೆ ಇಲಾಖೆ ಕೇಳುವುದು ಕೊಂಡವರನ್ನೇ.

ಇದಕ್ಕೆ ದೊಡ್ಡ ಕಟ್ಟಡ ಬೇಡ. ವರ್ಷಕ್ಕೊಮ್ಮೆ, ಮಳೆಗಾಲದಲ್ಲಿ ವ್ಯವಹಾರ ತಣ್ಣಗಿರುವಾಗ, ಅರ್ಧ ದಿನ ಸಾಕು. ಒಬ್ಬರು ವಕೀಲರು, ಒಬ್ಬರು ಸರ್ವೆಯರ್, ಒಬ್ಬರು ಲೆಕ್ಕ ಪರಿಶೋಧಕರು ಬಂದು ಕನ್ನಡದಲ್ಲೇ ಪಾಠ ಮಾಡಲಿ. ಕಾನೂನು ಬದಲಾಗುವವರೆಗೆ ಕಾಯಬೇಕಾಗಿಯೂ ಇಲ್ಲ, ಊರಿನ ಬ್ರೋಕರ್‌ಗಳೇ ಸೇರಿ ಶುರು ಮಾಡಬಹುದು. ಬಾಗಿಲಲ್ಲಿ ಗುರುತಿನ ಚೀಟಿ ನೋಡಿ ಒಳಗೆ ಬಿಡಲಿ, ಕೊನೆಯವರೆಗೆ ಕೂತವರಿಗೆ ಮಾತ್ರ ಸರ್ಟಿಫಿಕೇಟ್ ಕೊಡಲಿ. ಅನಿವಾಸಿಗಳ ನಿಯಮದ ಪಾಠಕ್ಕೆ ನಾನೂ ವಿಡಿಯೊದಲ್ಲಿ ಬಂದು ಕೂರಲು ತಯಾರಿದ್ದೇನೆ.