ನಾಯಿಯ ಸಿಟ್ಟಿಗೂ ಬಟ್ಟಲಿನ ಪ್ರೊಟೀನಿಗೂ ಎಷ್ಟು ನಂಟು?

ನಾನು ಪಶುವೈದ್ಯ, ಸಾಕುನಾಯಿಗಳ ವರ್ತನೆಯ ತೊಂದರೆಗಳನ್ನು ನೋಡುವುದು ನನ್ನ ಕೆಲಸದ ದೊಡ್ಡ ಪಾಲು. ನಾಯಿಯನ್ನು ಕರೆತರುವವರಲ್ಲಿ ಅನೇಕರು ತೀರ್ಪನ್ನು ಮೊದಲೇ ಕೊಟ್ಟುಕೊಂಡು ಬಂದಿರುತ್ತಾರೆ. “ಪ್ರೊಟೀನ್ ಜಾಸ್ತಿಯಾಗಿದೆ ಡಾಕ್ಟ್ರೇ, ಅದಕ್ಕೇ ಹೀಗೆ ಎಗರಾಡುತ್ತೆ” ಎನ್ನುವವರು ಕೆಲವರಾದರೆ, ಊಟಕ್ಕೂ ಸ್ವಭಾವಕ್ಕೂ ಏನೇನೂ ಸಂಬಂಧವಿಲ್ಲ ಎಂದು ಎಲ್ಲೋ ಓದಿಕೊಂಡು ಬಂದವರು ಇನ್ನು ಕೆಲವರು. ಇಷ್ಟು ವರ್ಷ ಇಂಥ ನಾಯಿಗಳನ್ನು ನೋಡುತ್ತಾ ನನಗೆ ಖಚಿತವಾಗಿರುವುದು ಇಷ್ಟು: ಆಹಾರದ ಪ್ರೊಟೀನ್ ಪ್ರಮಾಣವನ್ನು ಇಳಿಸಿದರೆ ಪ್ರಯೋಜನವಾಗಬಹುದಾದ ನಾಯಿಗಳು ಇವೆ, ಆದರೆ ಅವು ಒಂದು ಚಿಕ್ಕ ಗುಂಪು, ಮತ್ತು ಆ ಗುಂಪಿನ ಮುಖ್ಯ ಲಕ್ಷಣ ಹೆದರಿಕೆ. ಆದ್ದರಿಂದಲೇ ಪ್ಯಾಕೆಟ್ಟಿನ ಮೇಲಿನ ಶೇಕಡಾವಾರು ಅಂಕಿಗಿಂತ ಮೊದಲು ನಾನು ನಾಯಿಯ ನಿಲುವನ್ನು ನೋಡುತ್ತೇನೆ.

ಪ್ರೊಟೀನಿಗೂ ಸ್ವಭಾವಕ್ಕೂ ನಂಟಿದೆ ಎಂಬ ನಂಬಿಕೆಯ ಬೇರು ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲದಲ್ಲಿದೆ. ಮಿದುಳಿನಲ್ಲಿ ಸೆರೊಟೋನಿನ್ ತಯಾರಾಗುವುದು ಇದರಿಂದ. ದುಡುಕು, ಆತಂಕ ಮತ್ತು ಆಕ್ರಮಣಶೀಲತೆಯನ್ನು ಹತೋಟಿಯಲ್ಲಿಡುವುದರಲ್ಲಿ ಸೆರೊಟೋನಿನ್ನಿನ ಪಾತ್ರ ದೊಡ್ಡದು. ನಾಯಿಯ ದೇಹ ಟ್ರಿಪ್ಟೊಫ್ಯಾನನ್ನು ತಾನೇ ತಯಾರಿಸಿಕೊಳ್ಳಲಾರದು, ಅದು ಆಹಾರದ ಪ್ರೊಟೀನಿನಿಂದಲೇ ಸಿಗಬೇಕು. ಹಾಗಿದ್ದ ಮೇಲೆ ಪ್ರೊಟೀನ್ ಹೆಚ್ಚಿದಷ್ಟೂ ನಾಯಿ ಶಾಂತವಾಗಬೇಕಲ್ಲವೇ ಎಂದು ಕೇಳುವವರ ತರ್ಕ ಸರಿಯಾಗಿಯೇ ಇದೆ, ಆದರೆ ರಕ್ತದಿಂದ ಮಿದುಳಿಗೆ ದಾಟುವ ಹಂತದಲ್ಲಿ ಅದು ಮುಗ್ಗರಿಸುತ್ತದೆ. ಟ್ರಿಪ್ಟೊಫ್ಯಾನನ್ನು ದಾಟಿಸುವ ವಾಹಕವನ್ನೇ ಟೈರೋಸಿನ್, ಫಿನೈಲ್‌ಅಲನಿನ್, ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್‌ಗಳೂ ಬಳಸುತ್ತವೆ. ಸಾಮಾನ್ಯ ಪ್ರೊಟೀನುಗಳಲ್ಲಿ ಈ ಐದರ ಪ್ರಮಾಣ ಹೆಚ್ಚು, ಟ್ರಿಪ್ಟೊಫ್ಯಾನ್ ತೀರಾ ಕಡಿಮೆ. ಇಕ್ಕಟ್ಟಾದ ಒಂದೇ ಬಾಗಿಲಿನ ಮುಂದೆ ಗುಂಪು ಹೆಚ್ಚಿದಷ್ಟೂ ಸಂಖ್ಯೆಯಲ್ಲಿ ಕಡಿಮೆಯಿರುವವರು ಹಿಂದೆ ಉಳಿಯುವಂತೆ, ಪ್ರೊಟೀನ್ ಹೆಚ್ಚಾದ ಊಟದ ನಂತರ ರಕ್ತದಲ್ಲಿ ಟ್ರಿಪ್ಟೊಫ್ಯಾನ್ ಏರಿದರೂ ಮಿದುಳಿಗೆ ಸೇರುವ ಪಾಲು ಏರಬೇಕೆಂದಿಲ್ಲ, ಇಳಿಯಲೂಬಹುದು. ಇದಕ್ಕೆ ಪ್ರತಿಯಾಗಿ, ಪಿಷ್ಟ ಹೆಚ್ಚಿರುವ ಊಟ ಇನ್ಸುಲಿನ್ನನ್ನು ಏರಿಸುತ್ತದೆ. ಇನ್ಸುಲಿನ್ ಆ ಪೈಪೋಟಿಯ ಅಮೈನೊ ಆಮ್ಲಗಳನ್ನು ಸ್ನಾಯುಗಳೊಳಕ್ಕೆ ಸೆಳೆಯುವುದರಿಂದ ರಕ್ತದಲ್ಲಿ ಟ್ರಿಪ್ಟೊಫ್ಯಾನಿನ ಅನುಪಾತ ಸುಧಾರಿಸುತ್ತದೆ. ಲೆಕ್ಕಕ್ಕೆ ಬರುವುದು ಈ ಅನುಪಾತ.

ಇದು ನಿಜವಾದ ನಾಯಿಗಳಲ್ಲಿ, ನಿಜವಾದ ಮನೆಗಳಲ್ಲಿ ಎಷ್ಟರಮಟ್ಟಿಗೆ ಕಾಣುತ್ತದೆ ಎಂಬುದಕ್ಕೆ 1996ರಲ್ಲಿ ಅಮೆರಿಕದ ಪಶುವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಡಾಡ್‌ಮನ್ ಮತ್ತು ಸಂಗಡಿಗರ ಅಧ್ಯಯನವನ್ನು ಇಂದಿಗೂ ಎಲ್ಲರೂ ಉಲ್ಲೇಖಿಸುತ್ತಾರೆ. ಶೇಕಡಾ 17, 25 ಮತ್ತು 32ರಷ್ಟು ಪ್ರೊಟೀನ್ ಇರುವ ಮೂರು ಆಹಾರಗಳನ್ನು ಒಂದೊಂದನ್ನೂ ಎರಡೆರಡು ವಾರ ಕೊಟ್ಟು, ಮಾಲೀಕರಿಂದ ದಿನವೂ ವರ್ತನೆಗೆ ಅಂಕ ಹಾಕಿಸಲಾಗಿತ್ತು. ಅತಿಚಟುವಟಿಕೆಯ ನಾಯಿಗಳಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. ಮನೆಯವರ ಮೇಲೆಯೇ ದರ್ಪ ತೋರುವ ನಾಯಿಗಳಲ್ಲೂ ಕಾಣಲಿಲ್ಲ. ತನ್ನ ಜಾಗವನ್ನು ಕಾಯಲು ಎರಗುವ ನಾಯಿಗಳಲ್ಲಿ ಮಾತ್ರ, ಕಡಿಮೆ ಮತ್ತು ಮಧ್ಯಮ ಪ್ರಮಾಣದ ಪ್ರೊಟೀನ್ ತಿಂದಾಗ ಆಕ್ರಮಣ ಇಳಿದಿತ್ತು. ಆ ಗುಂಪನ್ನೂ ಬಿಡಿಸಿ ನೋಡಿದಾಗ ಇಳಿಕೆ ಬಂದದ್ದು ಹೆದರಿಕೆಯೇ ಮೂಲವಾಗಿದ್ದ ಏಳು ನಾಯಿಗಳಿಂದ ಎಂದು ತಿಳಿಯಿತು. ಏಳೇ ಏಳು ನಾಯಿಗಳ ಈ ಫಲಿತಾಂಶ ಮುಂದೆ ‘ಪ್ರೊಟೀನ್ ನಾಯಿಯನ್ನು ಕೆರಳಿಸುತ್ತದೆ’ ಎಂಬ ಸಾರಾಸಗಟು ಮಾತಾಗಿ ಹಬ್ಬಿತು.

ಅದೇ ತಂಡದವರು 2000ದಲ್ಲಿ ಪ್ರಕಟಿಸಿದ ಎರಡನೆಯ ಅಧ್ಯಯನದಲ್ಲಿ 33 ನಾಯಿಗಳಿಗೆ ಹೆಚ್ಚು ಮತ್ತು ಕಡಿಮೆ ಪ್ರೊಟೀನಿನ ಆಹಾರವನ್ನು ಟ್ರಿಪ್ಟೊಫ್ಯಾನ್ ಬೆರೆಸಿಯೂ ಬೆರೆಸದೆಯೂ ಕೊಟ್ಟು ನೋಡಿದರು. ಜಾಗ ಕಾಯುವ ನಾಯಿಗಳಲ್ಲಿ, ಕಡಿಮೆ ಪ್ರೊಟೀನಿನ ಆಹಾರಕ್ಕೆ ಟ್ರಿಪ್ಟೊಫ್ಯಾನ್ ಬೆರೆಸಿದಾಗ ಬೆರೆಸದಿದ್ದಾಗಿಗಿಂತ ಆಕ್ರಮಣ ಕಡಿಮೆಯಿತ್ತು. ಈ ಬಾರಿ ದರ್ಪದ ನಾಯಿಗಳಲ್ಲೂ ಪರಿಣಾಮ ಕಂಡಿತು: ಟ್ರಿಪ್ಟೊಫ್ಯಾನ್ ಬೆರೆಸದ, ಪ್ರೊಟೀನ್ ಹೆಚ್ಚಿರುವ ಆಹಾರದಲ್ಲಿ ಅವುಗಳ ಅಂಕ ಅತಿ ಕೆಟ್ಟದಾಗಿತ್ತು. ಒಂದೇ ತಂಡದ ಎರಡು ಅಧ್ಯಯನಗಳು ಈ ವಿಷಯದಲ್ಲಿ ಒಂದಕ್ಕೊಂದು ಪೂರ್ತಿ ಹೊಂದುವುದಿಲ್ಲ ಎಂಬುದನ್ನು ಗಮನಿಸಬೇಕು. ಇನ್ನು 2009ರಲ್ಲಿ ಬಾಶ್ ಮತ್ತು ಸಂಗಡಿಗರು, ಸ್ವಲ್ಪಮಟ್ಟಿನ ಆತಂಕವಿದ್ದ 138 ಮನೆನಾಯಿಗಳಿಗೆ ಎಂಟು ವಾರ ಟ್ರಿಪ್ಟೊಫ್ಯಾನ್ ಹೆಚ್ಚಿಸಿದ ಆಹಾರ ಅಥವಾ ಸಾಮಾನ್ಯ ಆಹಾರ ಕೊಟ್ಟು ಹೋಲಿಸಿದಾಗ, ಹೆಚ್ಚಿಸಿದ ಗುಂಪಿನಲ್ಲಿ ರಕ್ತದ ಟ್ರಿಪ್ಟೊಫ್ಯಾನ್ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಏರಿತ್ತು, ವರ್ತನೆ ಮಾತ್ರ ಬದಲಾಗಿರಲಿಲ್ಲ. ರಕ್ತಪರೀಕ್ಷೆಯ ಅಂಕಿ ತೋರಿಸಿ ಟ್ರಿಪ್ಟೊಫ್ಯಾನ್ ಪುಡಿ ಮಾರಲು ಬರುವವರಿಗೆ ನಾನು ಈ ಅಧ್ಯಯನವನ್ನು ನೆನಪಿಸುತ್ತೇನೆ.

ಹೆದರಿಕೆಯನ್ನು ಗುರುತಿಸುವುದೇ ಇಲ್ಲಿ ಮುಖ್ಯವಾದ ಕೆಲಸ, ಅದನ್ನು ಮನೆಯವರು ಹೆಚ್ಚಾಗಿ ತಪ್ಪಾಗಿಯೇ ಓದುತ್ತಾರೆ. ಗೇಟಿನ ಬಳಿ ಯಾರು ಬಂದರೂ ಕಬ್ಬಿಣದ ಸರಳಿಗೆ ಹಲ್ಲು ತಾಗಿಸುವಷ್ಟು ರೇಗುತ್ತಿದ್ದ ಒಂದು ಗಂಡುನಾಯಿಯನ್ನು “ತುಂಬಾ ಧೈರ್ಯ, ಯಾರನ್ನೂ ಬಿಡಲ್ಲ” ಎಂದು ಪರಿಚಯಿಸಿದ್ದರು. ಮನೆಯವರು ತಂದಿದ್ದ ವಿಡಿಯೊವನ್ನು ನಿಧಾನಗತಿಯಲ್ಲಿ ಓಡಿಸಿ ನೋಡಿದಾಗ ಬೇರೆಯೇ ನಾಯಿ ಕಂಡಿತು: ಬೊಗಳುವ ಪ್ರತಿಸಲವೂ ದೇಹದ ಭಾರ ಹಿಂಗಾಲಿಗೆ ಜಾರುತ್ತಿತ್ತು, ಕಿವಿ ತಲೆಗೆ ಅಂಟಿಕೊಂಡಿತ್ತು, ಬಾಲ ಹೊಟ್ಟೆಯ ಕಡೆಗೆ ಮಡಚಿತ್ತು, ಎರಡು ಬೊಗಳುವಿಕೆಗಳ ನಡುವೆ ನಾಲಿಗೆ ಮೂಗನ್ನು ಸವರಿ ಹೋಗುತ್ತಿತ್ತು. ಬಂದವರು ಬೆನ್ನು ತಿರುಗಿಸಿದ ಕೂಡಲೇ ಮುನ್ನುಗ್ಗುತ್ತಿತ್ತು. ಇದು ಧೈರ್ಯದ ನಾಯಿಯ ನಡೆಯಲ್ಲ. ಈ ನಾಯಿಗೆ ಪ್ರೊಟೀನ್ ಮಧ್ಯಮ ಪ್ರಮಾಣದಲ್ಲಿರುವ ಸಮತೋಲಿತ ಆಹಾರವನ್ನು ಗೊತ್ತುಮಾಡಿದೆ; ಜೊತೆಗೆ ಗೇಟು ಕಾಣದಂತೆ ಮರೆ ಮಾಡಿಸಿ, ಅಪರಿಚಿತರನ್ನು ದೂರದಿಂದಲೇ ನೋಡಿ ಶಾಂತವಾಗಿರಲು ಅಭ್ಯಾಸ ಮಾಡಿಸಿದೆವು. ವಾರಗಳು ಕಳೆದಂತೆ ಅದು ಬೇಗ ಸುಧಾರಿಸಿಕೊಳ್ಳತೊಡಗಿತು. ಮರೆಯ ಪಾಲೆಷ್ಟು, ಅಭ್ಯಾಸದ ಪಾಲೆಷ್ಟು, ಊಟದ ಪಾಲೆಷ್ಟು ಎಂದು ಒಂದು ನಾಯಿಯನ್ನು ನೋಡಿ ಬೇರ್ಪಡಿಸಿ ಹೇಳುವುದು ಸಾಧ್ಯವಿಲ್ಲ, ಹೇಳಲು ನಾನು ಹೋಗುವುದೂ ಇಲ್ಲ.

ಇದಕ್ಕೆ ವಿರುದ್ಧವಾದದ್ದು ಬಟ್ಟಲಿನ ಹತ್ತಿರ ಹೋದರೆ ಗುರುಗುಟ್ಟುತ್ತದೆ ಎಂದು ಬಂದ ಹೆಣ್ಣುನಾಯಿ. ಮನೆಯವರು ಆಗಲೇ ಪ್ರೊಟೀನ್ ಇಳಿಸಿ, ಬ್ರ್ಯಾಂಡ್ ಬದಲಿಸಿ ಸೋತಿದ್ದರು. ತುಟಿ ಎತ್ತಿ ನೋಡಿದರೆ ಮೇಲಿನ ದೊಡ್ಡ ದವಡೆಹಲ್ಲು ಸೀಳಿತ್ತು. ನೋವು, ಕಿವಿಯ ಸೋಂಕು, ಬಿಡದ ತುರಿಕೆ, ಥೈರಾಯ್ಡ್ ಕೊರತೆ, ಹೊಟ್ಟೆಯ ತೊಂದರೆ – ಇವನ್ನೆಲ್ಲ ಪರೀಕ್ಷಿಸಿ ಬದಿಗಿಡುವವರೆಗೆ ಊಟದ ವಿಷಯವನ್ನು ನಾನು ಎತ್ತುವುದಿಲ್ಲ.

ಅಂಕಿಗಳ ವಿಷಯದಲ್ಲಿ ಮೋಸ ಹೋಗುವುದು ಸುಲಭ. ಡಬ್ಬಿಯ ತೇವದ ಆಹಾರದ ಮೇಲೆ ಪ್ರೊಟೀನ್ ಶೇಕಡಾ 8 ಎಂದೂ, ಒಣ ಆಹಾರದ ಪ್ಯಾಕೆಟ್ಟಿನ ಮೇಲೆ ಶೇಕಡಾ 24 ಎಂದೂ ಇದ್ದರೆ ಮೊದಲನೆಯದು ಸೌಮ್ಯ ಎಂದು ತೋರುತ್ತದೆ. ಆದರೆ ಡಬ್ಬಿಯಲ್ಲಿ ಶೇಕಡಾ 78ರಷ್ಟು ನೀರಿದ್ದರೆ, ನೀರನ್ನು ಕಳೆದು ಉಳಿದ 22 ಭಾಗದಲ್ಲಿ 8 ಭಾಗ ಪ್ರೊಟೀನ್ ಎಂದಾಯಿತು, ಅಂದರೆ ಶೇಕಡಾ 36ಕ್ಕೂ ಹೆಚ್ಚು. ಶೇಕಡಾ 10ರಷ್ಟು ತೇವಾಂಶವಿರುವ ಒಣ ಆಹಾರದಲ್ಲಿ ಅದೇ ಲೆಕ್ಕ ಸುಮಾರು 27ಕ್ಕೆ ನಿಲ್ಲುತ್ತದೆ. ಹೆಚ್ಚು ಪ್ರೊಟೀನಿನ ಆಹಾರಗಳಲ್ಲಿ ಕೊಬ್ಬೂ ಹೆಚ್ಚಾಗಿರುವುದು ಸಾಮಾನ್ಯ, ಕೊಬ್ಬಿನ ಶಕ್ತಿ ಗ್ರಾಮಿಗೆ ಪ್ರೊಟೀನಿನ ಎರಡು ಪಟ್ಟಿಗಿಂತ ಜಾಸ್ತಿ. ಪ್ಯಾಕೆಟ್ ಬದಲಿಸಿದಾಗ ಕ್ಯಾಲೊರಿ, ಕೊಬ್ಬು, ನಾರು ಎಲ್ಲವೂ ಒಟ್ಟಿಗೆ ಬದಲಾಗುವುದರಿಂದ, ಆಮೇಲೆ ಕಂಡ ವ್ಯತ್ಯಾಸವನ್ನು ಪ್ರೊಟೀನಿನ ಖಾತೆಗೆ ಹಾಕುವುದು ನ್ಯಾಯವಲ್ಲ.

ಹೀಗಾಗಿ ಮೊದಲು ಕೇಳುವುದು ಒಂದು ವಾರದ ಊಟದ ದಾಖಲೆ. ಬಟ್ಟಲಿಗೆ ಹಾಕಿದ್ದಷ್ಟೇ ಸಾಲದು. ತರಬೇತಿಯ ತುಣುಕುಗಳು, ಊಟದ ಮೇಜಿನಿಂದ ಜಾರಿದ್ದು, ಮಾತ್ರೆ ಸುತ್ತಿ ಕೊಟ್ಟದ್ದು, ಅಗಿಯಲು ಕೊಟ್ಟ ತೊಗಲು, ಎಲ್ಲವೂ ಹೊತ್ತಿನ ಸಮೇತ ಅದರಲ್ಲಿರಬೇಕು. ತಿಂಡಿ ತುಣುಕುಗಳು ದಿನದ ಕ್ಯಾಲೊರಿಯ ಹತ್ತನೇ ಒಂದು ಭಾಗವನ್ನು ಮೀರಬಾರದು ಎಂಬುದು ನಾವು ಪಾಲಿಸುವ ಸಾಮಾನ್ಯ ಮಿತಿ. ಬರೆದು ನೋಡಿದಾಗ ಅದು ಎಷ್ಟೋ ಮನೆಗಳಲ್ಲಿ ದಾಟಿಹೋಗಿರುತ್ತದೆ, ಆ ತುಣುಕುಗಳಲ್ಲಿ ಬಹುಪಾಲು ಒಣಗಿಸಿದ ಮಾಂಸವೇ ಆಗಿರುತ್ತದೆ. ಪ್ಯಾಕೆಟ್ಟನ್ನು ಮುಟ್ಟದೆ ಇದನ್ನೊಂದು ಹದಕ್ಕೆ ತಂದು, ಒಂದೇ ಹೊತ್ತಿನ ಊಟವನ್ನು ಎರಡಾಗಿ ಹಂಚಿ ನೋಡುವುದು ನನ್ನ ಮೊದಲ ಹೆಜ್ಜೆ. ಸಂಜೆಯ ಕೆರಳು ಎಂದು ಬಂದ ದೂರು ದಾಖಲೆಯಲ್ಲಿ ಊಟಕ್ಕೆ ಮುಂಚಿನ ಹಸಿವಿನ ಹೊತ್ತಿಗೇ ಬಂದು ನಿಂತಿರುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಪ್ರೊಟೀನ್ ಇಳಿಸುವುದಕ್ಕೆ ಕೆಳಮಿತಿಯೂ ಇದೆ. ಅಮೆರಿಕದ ಪಶು ಆಹಾರ ನಿಯಂತ್ರಣ ಅಧಿಕಾರಿಗಳ ಸಂಘವಾದ ಆಫ್ಕೋ ನಿಗದಿ ಮಾಡಿರುವಂತೆ, ನೀರು ಕಳೆದ ಲೆಕ್ಕದಲ್ಲಿ ಬೆಳೆದ ನಾಯಿಯ ಆಹಾರದಲ್ಲಿ ಕನಿಷ್ಠ ಶೇಕಡಾ 18, ಬೆಳೆಯುವ ಮರಿ, ಗಬ್ಬದ ನಾಯಿ ಮತ್ತು ಹಾಲೂಡುವ ತಾಯಿಯ ಆಹಾರದಲ್ಲಿ ಕನಿಷ್ಠ 22.5ರಷ್ಟು ಪ್ರೊಟೀನ್ ಇರಬೇಕು. ಮರಿ ತುಂಟತನ ಮಾಡುತ್ತದೆಂದು ಅದರ ಪ್ರೊಟೀನ್ ಕಡಿತ ಮಾಡುವುದು ಅಪಾಯಕರ. ವಯಸ್ಸಾಗಿ ಸ್ನಾಯು ಕರಗುತ್ತಿರುವ ನಾಯಿಗೂ ಇದು ತಕ್ಕುದಲ್ಲ. ಇರುವ ಆಹಾರಕ್ಕೇ ಪಿಷ್ಟ ಬೆರೆಸಿ ತೆಳುವು ಮಾಡಿದರೆ ಪ್ರೊಟೀನಿನ ಜೊತೆ ಖನಿಜ, ವಿಟಮಿನ್‌ಗಳೂ ಇಳಿಯುತ್ತವೆ, ಆದ್ದರಿಂದ ಸಮತೋಲಿತವಾಗಿಯೇ ತಯಾರಾದ ಬೇರೆ ಆಹಾರಕ್ಕೆ, ಭೇದಿಯಾಗದಂತೆ ಒಂದು ವಾರದಲ್ಲಿ ಸ್ವಲ್ಪಸ್ವಲ್ಪವಾಗಿ ಬದಲಾಯಿಸಬೇಕು.

ಮನುಷ್ಯರಿಗಾಗಿ ಮಾರುವ ಮನಶ್ಶಾಂತಿಯ ಮಾತ್ರೆಗಳ ಬಗ್ಗೆ ನಾನು ಕಠಿಣವಾಗಿಯೇ ಮಾತಾಡುತ್ತೇನೆ. ದೇಹದಲ್ಲಿ ಸೆರೊಟೋನಿನ್ ಆಗಿ ಬದಲಾಗುವ 5-ಎಚ್‌ಟಿಪಿ ಎಂಬ ವಸ್ತು ಇರುವ ಮಾತ್ರೆಗಳು ನಾಯಿಗಳಿಗೆ ವಿಷ. ನಡುಕ, ಅಪಸ್ಮಾರ, ಜ್ವರದಿಂದ ಪ್ರಾಣಕ್ಕೇ ಕುತ್ತು ಬರಬಹುದು. ಫ್ಲೂಒಕ್ಸೆಟಿನ್‌ನಂಥ, ಸೆರೊಟೋನಿನ್ ಹೆಚ್ಚಿಸುವ ಔಷಧ ನಡೆಯುತ್ತಿರುವ ನಾಯಿಗೆ ಟ್ರಿಪ್ಟೊಫ್ಯಾನ್ ಪುಡಿಯನ್ನೂ ವೈದ್ಯರನ್ನು ಕೇಳದೆ ಸೇರಿಸಬಾರದು.

ಆಹಾರ ಬದಲಿಸುವುದೆಂದು ನಿಶ್ಚಯವಾದ ಮೇಲೆ ಆ ಅವಧಿಯಲ್ಲಿ ಹೊಸ ತರಬೇತಿ, ಹೊಸ ಔಷಧ, ಮನೆ ಬದಲಾವಣೆ ಯಾವುದೂ ಇಲ್ಲದಂತೆ ನೋಡಿಕೊಳ್ಳಲು ಹೇಳುತ್ತೇನೆ. ಗೇಟಿನ ನಾಯಿಯಂತೆ ಜನರಿಗೆ ಅಪಾಯವಿರುವ ಕಡೆ ಈ ಶುದ್ಧತೆಗೆ ಕಾಯಲಾಗದು, ಎಲ್ಲವನ್ನೂ ಒಟ್ಟಿಗೆ ಶುರುಮಾಡಲೇಬೇಕಾಗುತ್ತದೆ. ದಾಖಲೆಯಲ್ಲಿ ಬರೆಯಬೇಕಾದದ್ದು ‘ಇವತ್ತು ಒಳ್ಳೆಯದಿತ್ತು’ ಎಂಬಂಥ ಮಾತಲ್ಲ, ಎಷ್ಟು ಸಲ ಬೊಗಳಿತು, ಎಷ್ಟು ದೂರದಲ್ಲಿ ಶುರುವಾಯಿತು, ಎಷ್ಟು ಹೊತ್ತಿಗೆ ತಣ್ಣಗಾಯಿತು ಎಂಬ ಎಣಿಕೆ. ಒಂದೂವರೆ ತಿಂಗಳ ಎಣಿಕೆಯಲ್ಲಿ ಏನೂ ಬದಲಾಗದಿದ್ದರೆ ನಾಯಿಯನ್ನು ಹಳೆಯ ಆಹಾರಕ್ಕೇ ಮರಳಿಸಿ, ಚಿಕಿತ್ಸೆಯನ್ನು ಅಭ್ಯಾಸ ಮತ್ತು ಔಷಧದ ಕಡೆಗೆ ತಿರುಗಿಸುತ್ತೇನೆ.